ಬಿಸಿಲ ಸೀಮೆಯಲ್ಲಿ ಶಿಟ್ಜು: ತಳಿಯ ಗುರುತಿನಿಂದ ಬೇಸಿಗೆಯ ಆರೈಕೆವರೆಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಶಿಟ್ಜು ಎಂಬ ಉದ್ದ ಕೂದಲಿನ ಪುಟ್ಟ ನಾಯಿ ಸಾಕಿದವರು ಏಪ್ರಿಲ್ ಬಂತೆಂದರೆ ಮೊದಲು ಮಾಡುವ ಕೆಲಸ, ನಾಯಿಯನ್ನು ನುಣ್ಣಗೆ ಬೋಳಿಸುವುದು. ಇಷ್ಟುದ್ದ ಕೂದಲು ಹೊತ್ತು ಈ ಬಿಸಿಲಲ್ಲಿ ಪಾಪ ಹೇಗಿರುತ್ತದೋ ಎಂಬ ಕನಿಕರ. ಕನಿಕರವೇನೋ ಸರಿ, ಆದರೆ ಬೇಸಿಗೆಯಲ್ಲಿ ಈ ನಾಯಿಗೆ ಕುತ್ತು ತರುವುದು ಅದರ ಮೋಟು ಮೂಗು. ನಾಯಿಗಳು ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟಾಗ ಮೂಗು, ಬಾಯಿ, ಗಂಟಲಿನ ಒದ್ದೆ ಪದರದ ಮೇಲೆ ಗಾಳಿ ಹಾಯ್ದು ತೇವ ಆರುತ್ತದೆ, ರಕ್ತ ತಂಪಾಗುತ್ತದೆ. ಶಿಟ್ಜುವಿನ ಮೂತಿ ತುದಿಯಿಂದ ಹಣೆಯ ಬುಡದವರೆಗೆ ಸುಮಾರು ಎರಡೂವರೆ ಸೆಂಟಿಮೀಟರ್ ಅಷ್ಟೆ. ಆ ಇಕ್ಕಟ್ಟಿನಲ್ಲಿ ಎಷ್ಟು ತೇಕಿದರೂ ಮೈ ಬೇಗ ತಣಿಯುವುದಿಲ್ಲ. ಬೋಳಿಸಿದರೆ ಮೂಗೇನೂ ಉದ್ದವಾಗುವುದಿಲ್ಲ, ಮರೆಯಿಲ್ಲದ ತೆಳು ಚರ್ಮ ಬಿಸಿಲಿಗೆ ಸುಡುತ್ತದೆ, ಅಷ್ಟೇ ಲಾಭ.

ಮೂಲ, ಸ್ವಭಾವ

ಈ ತಳಿಯ ಬೇರು ಟಿಬೆಟ್ಟಿನದು, ರೂಪ ಪಡೆದದ್ದು ಚೀನಾದ ಅರಮನೆಯಲ್ಲಿ. ಟಿಬೆಟ್ಟಿನಿಂದ ಕಾಣಿಕೆಯಾಗಿ ಬರುತ್ತಿದ್ದ ಪುಟ್ಟ ನಾಯಿಗಳು ಅಲ್ಲಿನ ಪೀಕಿಂಗೀಸ್ ತಳಿಯ ನಾಯಿಗಳ ಜೊತೆ ಬೆರೆತು ಶಿಟ್ಜು ಆಯಿತೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಮಾತು. ಮಂಚು ಅರಸೊತ್ತಿಗೆಯ ಕೊನೆಗಾಲದಲ್ಲಿ ರಾಜಮಾತೆ ಸಿಶಿ ಇವನ್ನು ಅರಮನೆಯಲ್ಲಿ ಸಾಕಿಸುತ್ತಿದ್ದಳು. 1908ರಲ್ಲಿ ಆಕೆ ತೀರಿಕೊಂಡ ಮೇಲೆ ಆ ನಾಯಿಗಳು ಚದುರಿಹೋದವು. 1930ರಲ್ಲಿ ಬ್ರೌನ್‌ರಿಗ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮತ್ತು ಅವರ ಹೆಂಡತಿ ಕೆಲವನ್ನು ಇಂಗ್ಲೆಂಡಿಗೆ ಒಯ್ದರು. ಅಲ್ಲಿ ಮೊದಮೊದಲು ಲಾಸಾ ಆಪ್ಸೊ ನಾಯಿಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಮೂತಿ, ಕಾಲು ಎರಡೂ ಬೇರೆ ಎಂದು ಕಂಡು 1934ರ ಹೊತ್ತಿಗೆ ಪ್ರತ್ಯೇಕ ತಳಿಯೆಂದು ವಿಂಗಡಿಸಿದರು. ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನೆಲ್ ಕ್ಲಬ್ ಮಾನ್ಯತೆ ಕೊಟ್ಟದ್ದು 1969ರಲ್ಲಿ. ಇವತ್ತಿನ ಶಿಟ್ಜುಗಳ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಹದಿನಾಲ್ಕು ನಾಯಿಗಳಿಗೆ ಬಂದು ನಿಲ್ಲುತ್ತದೆ ಎನ್ನುತ್ತಾರೆ. ಬುಡ ಅಷ್ಟು ಚಿಕ್ಕದಾದ್ದರಿಂದ ಮರಿ ಕೊಳ್ಳುವಾಗ ತಾಯಿತಂದೆಯ ಆರೋಗ್ಯ ಕೇಳಲೇಬೇಕು. ಮೂತ್ರಪಿಂಡ ಸರಿಯಾಗಿ ಬೆಳೆಯದ ದೋಷ, ಮಂಡಿಚಿಪ್ಪು ಜಾರುವುದು ಈ ತಳಿಯಲ್ಲಿ ವಂಶದಲ್ಲೇ ಹರಿದುಬರುತ್ತವೆ.

ಅರಮನೆಯಲ್ಲಿ ಇದಕ್ಕೆ ಬೇಟೆಯೂ ಇರಲಿಲ್ಲ, ಕಾವಲೂ ಇರಲಿಲ್ಲ. ಮನುಷ್ಯರ ಮಗ್ಗುಲಲ್ಲಿ ಇರುವುದೇ ಅದರ ಕೆಲಸ. ಹಾಗಾಗಿ ತೋಟದ ಮನೆಗೆ ಕಾವಲು ಬೇಕೆನ್ನುವವರು ಬೇರೆ ನಾಯಿ ನೋಡಿ. ಇದು ಬಂದವರ ಕಾಲಿಗೆಲ್ಲ ಸುತ್ತಿಕೊಳ್ಳುತ್ತದೆ. ದಿನವಿಡೀ ಬೀಗ ಹಾಕಿ ಹೋಗುವ ಮನೆಗೂ ಒಗ್ಗದು. ವಯಸ್ಸಾದವರು, ಮಕ್ಕಳು ಸದಾ ಇರುವ ಮನೆಯಾದರೆ ಹೇಳಿ ಮಾಡಿಸಿದ ಹಾಗಿರುತ್ತದೆ. ಹಠವೂ ಸ್ವಲ್ಪ ಉಂಟು. ಹೊರಗೆ ಮೂತ್ರ ಮಾಡುವ ಅಭ್ಯಾಸ ಹಿಡಿಸಲು ಬೇರೆ ನಾಯಿಗಳಿಗಿಂತ ಹೆಚ್ಚು ದಿನ ಬೇಕು. ಎದ್ದ ಕೂಡಲೇ, ಉಂಡ ಹತ್ತು ಹದಿನೈದು ನಿಮಿಷಕ್ಕೆ, ಆಟ ಮುಗಿದ ಮೇಲೆ ಒಂದೇ ಜಾಗಕ್ಕೆ ಕರೆದೊಯ್ಯಿರಿ, ಮಾಡಿದ ತಕ್ಷಣ ಒಂದು ಚೂರು ತಿನಿಸು ಕೊಡಿ. ಹೊಡೆದರೆ ಮಂಚದಡಿ ಕದ್ದು ಮಾಡುವುದನ್ನು ಕಲಿಯುತ್ತದೆ.

ನಿಮ್ಮದು ಶಿಟ್ಜುವೇ ಹೌದೇ?

ನಮ್ಮ ಕಡೆ ಉದ್ದ ಕೂದಲಿನ ಪುಟ್ಟ ನಾಯಿಯೆಲ್ಲ ಒಂದು ಕಾಲಕ್ಕೆ ಪಮೇರಿಯನ್, ಈಗ ಶಿಟ್ಜು. ಶಿಟ್ಜು, ಲಾಸಾ ಆಪ್ಸೊ, ಪಮೇರಿಯನ್ ಮೂರನ್ನೂ ಬೇರೆಮಾಡಿ ನೋಡಲು ಬರಬೇಕು, ಏಕೆಂದರೆ ಕತ್ತರಿ ಹಾಕುವ ರೀತಿ ಒಂದೊಂದಕ್ಕೆ ಒಂದೊಂದು.

ಶಿಟ್ಜು ನೆಲದಿಂದ ಹೆಗಲಿನವರೆಗೆ 27 ಸೆಂಟಿಮೀಟರ್ ದಾಟಬಾರದು, ತೂಕ ನಾಲ್ಕೂವರೆಯಿಂದ ಏಳೂಕಾಲು ಕಿಲೋ ಇದ್ದರೆ ಚೆನ್ನ. ಕಣ್ಣು ದೊಡ್ಡದು, ದುಂಡಗೆ. ಮೂಗಿನ ಮೇಲಿನ ಕೂದಲು ಮೇಲ್ಮುಖವಾಗಿ ಬೆಳೆದು ಮುಖವೆಲ್ಲ ಅರಳಿದ ಸೇವಂತಿಗೆಯ ಹಾಗೆ ಕಾಣುತ್ತದೆ. ಕೆಳದವಡೆ ಒಂಚೂರು ಮುಂದಿರುವುದು ಈ ತಳಿಯಲ್ಲಿ ದೋಷವಲ್ಲ. ಲಾಸಾ ಆಪ್ಸೊ ಮೂತಿ ನಾಲ್ಕು ಸೆಂಟಿಮೀಟರಿನಷ್ಟಿದ್ದು, ಕಣ್ಣು ಅಂಡಾಕಾರ, ಕೂದಲು ಒರಟು, ಭಾರ. ಅದು ಟಿಬೆಟ್ಟಿನ ಮಠಗಳಲ್ಲಿ ಒಳಗಾವಲಿಗೆ ಇದ್ದ ನಾಯಿ. ಅಪರಿಚಿತರನ್ನು ಕಂಡರೆ ಬೊಗಳದೆ ಬಿಡದು. ಇವೆರಡರ ಕೂದಲೂ ನಮ್ಮ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಹೋಗುತ್ತದೆ, ಕತ್ತರಿಸಿದರೆ ಮತ್ತೆ ಬರುತ್ತದೆ. ಪಮೇರಿಯನ್ ಎಂದು ಕರೆಯುವ ನಮ್ಮ ಸ್ಪಿಟ್ಜ್ ನಾಯಿಗೆ ಚೂಪು ಮೂತಿ, ನೆಟ್ಟಗಿನ ಕಿವಿ, ಕೂದಲಿಗೆ ಒಂದು ಮಿತಿಯುಂಟು. ಅದನ್ನು ಬೋಳಿಸಿದರೆ ಕೆಲವಕ್ಕೆ ತಿಂಗಳುಗಟ್ಟಲೆ ಕೂದಲೇ ಬರುವುದಿಲ್ಲ, ಬಂದರೂ ತೇಪೆ ತೇಪೆ. ಕ್ಷೌರ ಮಾಡಿಸುವ ಮುನ್ನ ಯಾವ ನಾಯಿ ಎಂದು ಖಾತ್ರಿ ಇರಲಿ.

'ಟೀಕಪ್', 'ಇಂಪೀರಿಯಲ್' ಎಂದು ಹೆಚ್ಚು ದುಡ್ಡಿಗೆ ಮಾರುವ ತೀರಾ ಸಣ್ಣ ಮರಿಗಳಿವೆಯಲ್ಲ, ಅಂಥ ತಳಿ ಯಾವ ಪ್ರಮುಖ ಕೆನೆಲ್ ಕ್ಲಬ್ಬಿನಲ್ಲೂ ಇಲ್ಲ. ಒಂದು ಹೊತ್ತು ಊಟ ತಪ್ಪಿದರೆ ರಕ್ತದ ಸಕ್ಕರೆ ಇಳಿದು ಕುಸಿಯುವ ಮರಿಗಳವು.

ಮರಿ ಆರಿಸುವಾಗ

ಎಂಟು ವಾರ ತುಂಬದ ಮರಿ ಮಾರುವುದು 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ತಪ್ಪು. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಮರಿಯ ಚರ್ಮದಡಿ ಗುರುತಿನ ಮೈಕ್ರೋಚಿಪ್ ಇರಬೇಕು. 'ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಇದೆ' ಎಂದರೆ ಸಾಲದು. ಚಿಪ್ ಓದುವ ಯಂತ್ರ ಹಿಡಿದಾಗ ಬರುವ 15 ಅಂಕಿಗಳು ಕಾಗದದ ಮೇಲಿನ ಅಂಕಿಗಳಿಗೆ ಹೊಂದಬೇಕು.

ಮರಿಯನ್ನು ನೋಡುವುದು ಬಾಯಿ ಮುಚ್ಚಿ ಮಲಗಿದ್ದಾಗ. ಮೂಗಿನ ಹೊಳ್ಳೆ ತೆರೆದಿದ್ದು ಉಸಿರು ಸದ್ದಿಲ್ಲದೆ ಆಡಬೇಕು. ಹೊಳ್ಳೆ ಬರೀ ಗೀಟಿನ ಹಾಗಿದ್ದು ಉಸಿರೆಳೆದಾಗ ಒಳಕ್ಕೆ ಅಂಟಿಕೊಂಡರೆ ಆ ಮರಿ ನಮ್ಮ ಸೀಮೆಗೆ ಬೇಡ, ಎಷ್ಟೇ ಮುದ್ದಾಗಿದ್ದರೂ. ನೆತ್ತಿಯ ಮೇಲೆ ಬೆರಳಾಡಿಸಿ ಮೆತ್ತನೆ ಕುಳಿ ಇದೆಯೇ, ಹೊಕ್ಕುಳಲ್ಲಿ ಉಬ್ಬು ಇದೆಯೇ ನೋಡಿ. ಕೈ ಚಪ್ಪಾಳೆ ತಟ್ಟಿ ಓಡಿಸಿ. ಹಿಂಗಾಲು ಎರಡು ಹೆಜ್ಜೆ ಎತ್ತಿಹಿಡಿದು ಕುಪ್ಪಳಿಸಿದರೆ ಮಂಡಿಯ ದೋಷ.

ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ, ರೇಬಿಸ್ ಮೂರು ತಿಂಗಳಿಗೆ. ಜಂತುಹುಳದ ಔಷಧ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಲಸಿಕೆಯ ಸರಣಿ ಮುಗಿಯುವವರೆಗೆ ಬೀದಿ ನೆಲಕ್ಕೆ ಬಿಡಬೇಡಿ.

ಕೂದಲು

ಇಲ್ಲಿ ನಿಜವಾದ ಕೆಲಸವಿದೆ. ಶಿಟ್ಜುವಿಗೆ ಎರಡು ಪದರ: ಮೇಲೆ ಉದ್ದದ ಗಟ್ಟಿ ಕೂದಲು, ಒಳಗೆ ಹತ್ತಿಯಂಥ ಮೆತ್ತನೆ ಕೂದಲು. ಒಳಪದರದಿಂದ ಉದುರಿದ್ದು ಬೇರೆ ನಾಯಿಗಳಲ್ಲಿ ನೆಲಕ್ಕೆ ಬೀಳುತ್ತದೆ, ಇದರಲ್ಲಿ ಮೇಲ್ಪದರಕ್ಕೆ ಸಿಕ್ಕಿಕೊಂಡು ಗಂಟಾಗುತ್ತದೆ. ಮನೆಯಲ್ಲಿ ಕೂದಲು ಉದುರದ ನಾಯಿ ಎಂದು ಹೊಗಳುವವರು ಇದನ್ನು ಹೇಳುವುದಿಲ್ಲ. ಹತ್ತರಿಂದ ಹನ್ನೆರಡು ತಿಂಗಳ ವಯಸ್ಸಿಗೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುವಾಗ ಗಂಟು ವಿಪರೀತ. ಬೆಳಿಗ್ಗೆ ಬಾಚಿದ್ದು ಸಂಜೆಗೆ ಮತ್ತೆ ಸಿಕ್ಕು. ಸಾಕಾಯಿತೆಂದು ಬಹಳ ಜನ ಬೋಳಿಸುವುದು ಆಗಲೇ. ಆ ಎರಡು ಮೂರು ತಿಂಗಳು ದಾಟಿದರೆ ಕೆಲಸ ಹಗುರ.

ಬೇಕಾದ ಸಾಮಾನು: ತುದಿಗೆ ಗುಂಡಿಲ್ಲದ ಪಿನ್ ಬ್ರಷ್, ಒಂದು ಕಡೆ ಅಗಲ ಇನ್ನೊಂದು ಕಡೆ ಒತ್ತು ಹಲ್ಲಿರುವ ಸ್ಟೀಲ್ ಬಾಚಣಿಗೆ, ಸಣ್ಣ ಸ್ಪ್ರೇ ಬಾಟಲಿ. ಬಾಟಲಿಯಲ್ಲಿ ಹತ್ತು ಭಾಗ ನೀರಿಗೆ ಒಂದು ಭಾಗ ನಾಯಿ ಕಂಡಿಷನರ್. ಒಣ ಕೂದಲಿಗೆ ಬ್ರಷ್ ಹಾಕಿದರೆ ತುಂಡಾಗುತ್ತದೆ, ಮೊದಲು ಹನಿ ಸಿಂಪಡಿಸಿ. ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಅಂಚಿನಿಂದ ಶುರುಮಾಡಿ. ಎಡಗೈಯಿಂದ ಮೇಲಿನ ಕೂದಲನ್ನೆಲ್ಲ ಎತ್ತಿ ಹಿಡಿದು ಕೆಳಗೆ ಬೆರಳಗಲದ ಒಂದು ಸಾಲು ಮಾತ್ರ ಬಿಡಿ. ಬೈತಲೆ ತೆಗೆದಲ್ಲಿ ಚರ್ಮದ ಗೆರೆ ಕಾಣಬೇಕು. ಆ ಸಾಲಿಗೆ ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಬ್ರಷ್, ಆಮೇಲೆ ಬುಡದಿಂದ ತುದಿಗೆ ಬಾಚಣಿಗೆ. ಬಾಚಣಿಗೆ ಎಲ್ಲೂ ತಡೆಯದೆ ಜಾರಿದರೆ ಮುಂದಿನ ಸಾಲು ಇಳಿಸಿ. ಹೀಗೆ ಬೆನ್ನುಮೂಳೆಯವರೆಗೆ ಹೋಗಿ ಇನ್ನೊಂದು ಮಗ್ಗುಲು. ಬರೀ ಮೇಲ್ಪದರಕ್ಕೆ ಬ್ರಷ್ ಆಡಿಸಿದರೆ ನಾಯಿ ಥಳಥಳ ಹೊಳೆಯುತ್ತದೆ, ಅಡಿಯಲ್ಲಿ ಕಂಬಳಿಯೇ ನೇಯ್ದುಕೊಂಡಿರುತ್ತದೆ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಪಟ್ಟಿ ಕಟ್ಟುವ ಕುತ್ತಿಗೆ: ಗಂಟು ಮೊದಲು ಬೀಳುವುದು ಈ ನಾಲ್ಕು ಕಡೆ.

ಗಂಟು ಸಿಕ್ಕಿದರೆ ಸ್ನಾನ ಮಾಡಿಸಬೇಡಿ. ನೀರು ಬಿದ್ದ ಗಂಟು ಒಣಗುವಾಗ ಬಿಗಿದು ಚರ್ಮಕ್ಕೇ ಅಂಟುತ್ತದೆ. ಗಂಟಿಗೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಿನಿಂದ ಎಳೆ ಎಳೆ ಬಿಡಿಸಿ. ಬರಲಿಲ್ಲವೆಂದರೆ ಗಂಟು ಮತ್ತು ಚರ್ಮದ ನಡುವೆ ಬಾಚಣಿಗೆ ತೂರಿಸಿಟ್ಟು, ಅದರ ಮೇಲಿನಿಂದ ಕೂದಲಿನ ಉದ್ದಕ್ಕೆ ಕತ್ತರಿಯಿಂದ ಸೀಳಿ, ಅಡ್ಡಕ್ಕೆ ಬೇಡ. ಬಾಚಣಿಗೆ ಇಡದೆ ಕತ್ತರಿ ಹಾಕಿದರೆ ಕಂಕುಳಿನ ತೆಳು ಚರ್ಮ ಗಂಟಿನ ಜೊತೆ ಎದ್ದು ಕತ್ತರಿಗೆ ಸಿಗುತ್ತದೆ. ಮನೆಯ ಕ್ಷೌರದಲ್ಲಿ ಆಗುವ ಗಾಯ ಹೆಚ್ಚಾಗಿ ಇದೇ.

ಸ್ನಾನ ಎರಡು ಮೂರು ವಾರಕ್ಕೊಮ್ಮೆ ಸಾಕು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಹಾಕಿದರೆ ಬಿಳಿ ಗಸಿ ಕೂದಲಲ್ಲಿ ಉಳಿದು ಒರಟಾಗುತ್ತದೆ. ನಾಯಿ ಶಾಂಪೂವನ್ನು ಹತ್ತು ಪಟ್ಟು ನೀರಿನಲ್ಲಿ ತೆಳು ಮಾಡಿ ಹಾಕಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ, ಸಾಧ್ಯವಾದರೆ ಕೊನೆಯ ಬಕೆಟ್ ಮಳೆನೀರು ಅಥವಾ ನಲ್ಲಿಯ ಸಿಹಿನೀರು. ಟವೆಲಿನಿಂದ ಉಜ್ಜಬೇಡಿ, ಒತ್ತಿ ಹಿಂಡಿ. ಡ್ರೈಯರ್ ತಣ್ಣನೆ ಗಾಳಿಯಲ್ಲಿ ಇಟ್ಟು ಬಾಚುತ್ತ ಒಣಗಿಸಿ. ಅರೆಬರೆ ಒಣಗಿದ ಒಳಪದರದಲ್ಲಿ ಬೂಷ್ಟು, ನವೆ. ಜೋತ ಕಿವಿಯೊಳಗೆ ನೀರು ನಿಂತರೆ ಸೋಂಕು, ಆದ್ದರಿಂದ ಸ್ನಾನಕ್ಕೆ ಮುಂಚೆ ಹತ್ತಿ ಇಡಿ, ಆಮೇಲೆ ಮರೆಯದೆ ತೆಗೆಯಿರಿ.

ಪ್ರದರ್ಶನಕ್ಕೆ ಒಯ್ಯದ ನಾಯಿಗೆ ನೆಲ ಮುಟ್ಟುವ ಕೂದಲು ಬೇಕಾಗಿಲ್ಲ. ಕ್ಷೌರದವರಿಗೆ 'ಬೇಸಿಗೆ ಕಟಿಂಗ್' ಎಂದು ಹೇಳಿಬಿಟ್ಟರೆ ಹತ್ತನೇ ನಂಬರ್ ಬ್ಲೇಡ್ ಹಾಕಿ ಒಂದೂವರೆ ಮಿಲಿಮೀಟರ್ ಉಳಿಸುತ್ತಾರೆ. 'ಮೈಮೇಲೆ ಎರಡರಿಂದ ಎರಡೂವರೆ ಸೆಂಟಿಮೀಟರ್ ಇರಲಿ, ಹೊಟ್ಟೆಯಡಿ, ಗುದದ ಸುತ್ತ, ಅಂಗಾಲಿನ ಸಂದಿಯಲ್ಲಿ ಮಾತ್ರ ಗಿಡ್ಡ' ಎಂದು ಬಿಡಿಸಿ ಹೇಳಿ. ಹೊಟ್ಟೆಯಡಿ ಗಿಡ್ಡ ಮಾಡಿದರೆ ತಂಪು ನೆಲದ ಮೇಲೆ ಮಲಗಿದಾಗ ಶಾಖ ಇಳಿಯುತ್ತದೆ, ಬೆನ್ನಿನ ಕೂದಲು ಬಿಸಿಲು ತಡೆಯುತ್ತದೆ. ನೆತ್ತಿಯ ಜುಟ್ಟು ಉಳಿಸುವುದಾದರೆ ಸಣ್ಣ ಲೇಟೆಕ್ಸ್ ಬ್ಯಾಂಡ್ ಹಾಕಿ, ಎರಡು ದಿನಕ್ಕೊಮ್ಮೆ ಕತ್ತರಿಸಿ ಹೊಸದು ಕಟ್ಟಿ. ನೋಟಿನ ಕಟ್ಟಿನ ರಬ್ಬರ್ ಬ್ಯಾಂಡ್ ಕೂದಲನ್ನು ಕಡಿಯುತ್ತದೆ.

ಹೊಲದ ಬದುವಿನಲ್ಲಿ ಅಡ್ಡಾಡಿಸಿ ತಂದ ದಿನ ಉತ್ತರಾಣಿ ಬೀಜ, ನೆಗ್ಗಿಲು ಮುಳ್ಳು ಹುಡುಕಿ. ಬೆರಳ ಸಂದಿಯಲ್ಲಿ ಉಳಿದ ಮುಳ್ಳು ಒಳಕ್ಕಿಳಿದು ಕೀವಾಗುತ್ತದೆ. ನಾಯಿ ಒಂದೇ ಪಾದ ನೆಕ್ಕುತ್ತಿದ್ದರೆ ಅಲ್ಲೇ ಹುಡುಕಿ.

ಕಣ್ಣು

ದುಂಡು ಕಣ್ಣು ಹೊರಕ್ಕೆ ಉಬ್ಬಿರುವುದರಿಂದ ಎಷ್ಟೋ ನಾಯಿಗಳಲ್ಲಿ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಆಷಾಢದ ಗಾಳಿಗೆ ಚಿತ್ರದುರ್ಗದಲ್ಲಿ ಮನುಷ್ಯರ ಕಣ್ಣೇ ತೆರೆಯಲಾಗದು, ಇನ್ನು ನೆಲದಿಂದ ಒಂದು ಗೇಣು ಎತ್ತರದ ನಾಯಿಯ ಪಾಡು ಕೇಳಬೇಡಿ. ದಿನಾ ಬೆಳಿಗ್ಗೆ ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಹತ್ತಿ. ಅಂಟಿದ ಪಿಸುರು ನೆನೆದ ಮೇಲೆ ಸೀರಣಿಗೆಯಿಂದ ಮೂಗಿನ ಕಡೆಗೆ ಎಳೆದು ತೆಗೆಯಬಹುದು.

ಒಂದು ಕಣ್ಣು ಕಿರಿದು ಮಾಡಿಕೊಂಡಿದ್ದರೆ, ನೀರು ಸುರಿಯುತ್ತಿದ್ದರೆ, ಕಣ್ಣುಗುಡ್ಡೆಯ ಮೇಲೆ ನೀಲಿ ಮಬ್ಬು ಕಂಡರೆ ಅದೇ ದಿನ ಪಶುವೈದ್ಯರಲ್ಲಿಗೆ ಹೋಗಿ. ಕಾರ್ನಿಯಾದ (ಕಣ್ಣುಗುಡ್ಡೆಯ ಮುಂದಿನ ಪಾರದರ್ಶಕ ಪದರದ) ಹುಣ್ಣು ಒಂದೆರಡು ದಿನದಲ್ಲಿ ತೂತಾಗಬಹುದು. ಮನೆಯಲ್ಲಿ ಉಳಿದ ಕಣ್ಣಿನ ಡ್ರಾಪ್ಸ್ ಮಾತ್ರ ಹಾಕಲೇಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಹುಣ್ಣು ವಾಸಿಯಾಗುವ ಬದಲು ಕೊರೆಯುತ್ತದೆ. ವೈದ್ಯರು ಬಣ್ಣದ ಪಟ್ಟಿ ಮುಟ್ಟಿಸಿ ನೋಡುವುದು ಈ ಹುಣ್ಣನ್ನು ಪತ್ತೆ ಮಾಡಲಿಕ್ಕೇ. ಕುತ್ತಿಗೆಪಟ್ಟಿ ಎಳೆದರೆ, ಹೆಕ್ಕತ್ತು ಹಿಡಿದೆತ್ತಿದರೆ ಕಣ್ಣುಗುಡ್ಡೆ ಹೊರಬಂದುಬಿಡುವ ತಳಿ ಇದು. ಎದೆಗೆ ಹಾಕುವ ಹಾರ್ನೆಸ್ ಬಳಸಿ.

ಮಾರ್ಚ್‌ನಿಂದ ಮೇ

ನಡಿಗೆ ಬೆಳಿಗ್ಗೆ ಏಳರೊಳಗೆ, ಸಂಜೆ ಏಳರ ಮೇಲೆ. ಡಾಂಬರಿಗೆ ಅಂಗೈ ಹಿಂಭಾಗ ಇಟ್ಟು ಏಳು ಎಣಿಸುವಷ್ಟು ತಾಳಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ನಮ್ಮದು ಒಣ ಸೆಕೆ, ಏರ್‌ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಒಂದು ಕಿಟಕಿ ತೆರೆದಿರಬೇಕಷ್ಟೆ. ಮಳೆ ಶುರುವಾಗಿ ಗಾಳಿಯಲ್ಲಿ ತೇವ ಹೆಚ್ಚಿದ ಮೇಲೆ ಅದೇ ಕೂಲರ್ ಸೆಕೆ ಹೆಚ್ಚಿಸುತ್ತದೆ, ಆಗ ಬರೀ ಫ್ಯಾನ್. ಮಧ್ಯಾಹ್ನ ಕಡಪಾ ಕಲ್ಲು, ಗ್ರಾನೈಟ್ ನೆಲ ಸಿಕ್ಕರೆ ಅದೇ ಹುಡುಕಿಕೊಂಡು ಮಲಗುತ್ತದೆ, ಎಬ್ಬಿಸಿ ಹಾಸಿಗೆಗೆ ತರಬೇಡಿ. ತೂಕ ಹೆಚ್ಚಿದ ನಾಯಿಗೆ ಗಂಟಲಲ್ಲೂ ಕೊಬ್ಬು ಕೂಡಿ ಉಸಿರಿನ ದಾರಿ ಇನ್ನೂ ಕಿರಿದು. ಬೋಳಿಸುವ ದುಡ್ಡಿನಲ್ಲಿ ಒಂದು ತೂಕದ ಯಂತ್ರ ತಂದಿಟ್ಟುಕೊಳ್ಳುವುದು ಮೇಲು.

ನಾಯಿಯ ಮೈಬಿಸಿ ಸಾಧಾರಣ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಗೊರಗೊರ ತೇಕುತ್ತ, ಜೊಲ್ಲು ಅಂಟಂಟಾಗಿ, ವಸಡು ಕಡುಗೆಂಪಾಗಿ, ನಡಿಗೆ ತೂರಾಡಿದರೆ ಬಿಸಿಲ ಹೊಡೆತ. ನೆರಳಿಗೆ ತಂದು ನಲ್ಲಿ ನೀರನ್ನು ಹೊಟ್ಟೆ, ಕಂಕುಳು, ತೊಡೆಸಂದಿಗೆ ಚರ್ಮ ನೆನೆಯುವ ಹಾಗೆ ಸುರಿದು ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಗುದದಲ್ಲಿ ಥರ್ಮಾಮೀಟರ್ ಇಟ್ಟು 103ಕ್ಕೆ ಇಳಿದಾಗ ನೀರು ನಿಲ್ಲಿಸಿ. ಎದ್ದು ಓಡಾಡಿದರೂ ಆಸ್ಪತ್ರೆಗೆ ಒಯ್ಯಿರಿ, ಮೂತ್ರಪಿಂಡ, ರಕ್ತ ಹೆಪ್ಪುಗಟ್ಟುವ ಶಕ್ತಿ ಕೆಡುವುದು ಒಂದೆರಡು ದಿನ ತಡವಾಗಿ ಗೊತ್ತಾಗುತ್ತದೆ.

ಊಟ

ಐದು ಕಿಲೋ ತೂಗುವ ಬೆಳೆದ ನಾಯಿಗೆ ದಿನಕ್ಕೆ 80ರಿಂದ 100 ಗ್ರಾಂ ಒಣ ಆಹಾರ, ಎರಡು ಹೊತ್ತಿಗೆ ಹಂಚಿ. ಕೈಯಳತೆ ಬೇಡ, ತಕ್ಕಡಿಯಲ್ಲಿ ತೂಗಿ. ಸಸ್ಯಾಹಾರಿ ಮನೆಗಳಲ್ಲಿ ಮೂರು ಹೊತ್ತೂ ಮೊಸರನ್ನ ಹಾಕುವುದುಂಟು. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಾಲುವುದಿಲ್ಲ. ಆರು ತಿಂಗಳಲ್ಲಿ ಕೂದಲು ಮಂಕಾಗಿ ಒಡೆಯುತ್ತದೆ, ಆಮೇಲೆ ಶಾಂಪೂ ಬದಲಿಸಿ ಪ್ರಯೋಜನವಿಲ್ಲ. ಮಾಂಸ, ಮೊಟ್ಟೆ ಮುಟ್ಟದವರು ಪೂರ್ಣಾಹಾರ ಎಂದು ಬರೆದಿರುವ ಸಸ್ಯಾಹಾರಿ ನಾಯಿ ಆಹಾರ ತನ್ನಿ.

ಬೆಣ್ಣೆದೋಸೆಯ ಚೂರು ಯಾರೂ ನೋಡದಂತೆ ಕೊಡುವ ಅಜ್ಜಂದಿರು ಎಲ್ಲ ಮನೆಯಲ್ಲೂ ಇದ್ದಾರೆ. ಒಮ್ಮೆಲೇ ಅಷ್ಟು ಕೊಬ್ಬು ಬಿದ್ದರೆ ಮೇದೋಜೀರಕ ಊದಿಕೊಂಡು ವಾಂತಿ ನಿಲ್ಲುವುದಿಲ್ಲ. ಮಂಡಕ್ಕಿ ಒಗ್ಗರಣೆಯ ಈರುಳ್ಳಿ ಅದಕ್ಕಿಂತ ಕೆಟ್ಟದ್ದು. ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯಲು ಸಾಕು, ಅಂದರೆ ಐದು ಕಿಲೋ ನಾಯಿಗೆ ಒಂದು ಮಧ್ಯಮ ಗೆಡ್ಡೆ. ಬೇಯಿಸಿದರೂ ವಿಷ ಹೋಗದು. ಚಳ್ಳಕೆರೆ ಕಡೆ ಈರುಳ್ಳಿ ಅಂಗಳದಲ್ಲೇ ಹರವಿರುವ ಮನೆಗಳಲ್ಲಿ ಮರಿಯ ಮೇಲೆ ಕಣ್ಣಿರಲಿ. ಬೂಷ್ಟು ಹಿಡಿದ ಶೇಂಗಾ, ಶೇಂಗಾ ಹಿಂಡಿ, ಮೆಕ್ಕೆಜೋಳದಲ್ಲಿ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಇರಬಹುದು, ಯಕೃತ್ತು ಹಾಳು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ.

ಉಣ್ಣಿ

ಉದ್ದ ಕೂದಲಿನ ನಾಯಿಯಲ್ಲಿ ಉಣ್ಣಿ ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೆ ಸಿಗುತ್ತದೆ. ಕಿವಿಯ ಮಡಿಕೆ, ಬೆರಳ ಸಂದಿ, ಬಾಲದ ಬುಡ ದಿನಾ ತಡವಿ. ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ದನದ ಮೈಗೆ ಬಳಿಯುವ ಉಣ್ಣಿ ಔಷಧವನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಈ ಪುಟ್ಟ ನಾಯಿಗೆ ಹಾಕುವುದು ನಮ್ಮ ಕಡೆ ರೂಢಿ. ಮೈ ನೆಕ್ಕಿದ ಮೇಲೆ ನಡುಕ, ಸೆಳೆತ ಬಂದು ಆಸ್ಪತ್ರೆ ಸೇರುತ್ತವೆ. ತೂಕ ನೋಡಿ ಕೊಡುವ ಮಾತ್ರೆ ಅಥವಾ ಹೆಗಲ ನಡುವೆ ಬಿಡುವ ಹನಿ ವೈದ್ಯರಿಂದಲೇ ಬರೆಸಿಕೊಳ್ಳಿ. ನಾಯಿಗೆ ಚಿಕಿತ್ಸೆ ಮಾಡಿದ ದಿನವೇ ಗೋಡೆಯ ಬಿರುಕು, ಬಾಗಿಲ ಸಂದಿಯೂ ಶುಚಿಯಾಗಬೇಕು, ಉಣ್ಣಿ ಮೊಟ್ಟೆ ಇಡುವುದು ಅಲ್ಲಿ.

ಉಣ್ಣಿ ಕಡಿದು ಒಂದರಿಂದ ಮೂರು ವಾರಕ್ಕೆ ಜ್ವರ, ಊಟ ಬೇಡವೆನ್ನುವುದು, ವಸಡು ಬಿಳಿಚಿಕೊಳ್ಳುವುದು, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕಿ, ಮೂಗಿನಲ್ಲಿ ರಕ್ತ ಕಂಡರೆ ಎರ್ಲಿಕಿಯಾ ಎಂಬ ಉಣ್ಣಿ ಹರಡುವ ಸೋಂಕು ಇರಬಹುದು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಕೇಳಿ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಬರೆಯುತ್ತಾರೆ. ನಾಲ್ಕೈದು ದಿನಕ್ಕೆ ನಾಯಿ ಗೆಲುವಾಯಿತೆಂದು ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮೂಳೆಮಜ್ಜೆಯಲ್ಲಿ ಅಡಗಿ ಕುಳಿತು ತಿಂಗಳುಗಳ ಮೇಲೆ ಮರಳುತ್ತದೆ. ಊರಿನ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಅನುಕೂಲವಿಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬಹುದು. ಹೊರಡುವುದು ನಸುಕಿನಲ್ಲಿ, ಕಾರಿನಲ್ಲಿ ಎಸಿ ಹಾಕಿ, ನೀರಿನ ಬಾಟಲಿ ಮತ್ತು ಹಳೆಯ ರಕ್ತ ವರದಿ ಜೊತೆಗಿಟ್ಟುಕೊಂಡು.